ಅಕ್ಕನ ಜೀಪಿನ ಬೆಲೆ

1947ರಲ್ಲಿ ಮಹೀಂದ್ರಾದವರು ಮುಂಬಯಿಯಲ್ಲಿ ವಿಲ್ಲೀಸ್ ಜೀಪು ಜೋಡಿಸತೊಡಗಿದಾಗ ನಮ್ಮ ಬೀದರ ಇನ್ನೂ ನಿಜಾಮರ ಆಳ್ವಿಕೆಯಲ್ಲಿತ್ತು. ಅದೇ ವಂಶದ ಜೀಪುಗಳು ಮುಂದೆ ಭಾಲ್ಕಿ, ಔರಾದ ರಸ್ತೆಗಳಲ್ಲಿ ಜನರನ್ನು ತುಂಬಿಕೊಂಡು ಓಡಿದವು. 1996ರಲ್ಲಿ ಭಾವ ತೀರಿಕೊಂಡಾಗ ಅಕ್ಕನಿಗೆ ಉಳಿದದ್ದು ಅಂಥದೊಂದು ಫೋರ್ ವ್ಹೀಲ್ ಗಾಡಿ, ಜೊತೆಗೆ ಸಾಲ.

ಭಾಲ್ಕಿಯ ದಲಾಲನೊಬ್ಬ ಮೀಟರು ತೋರಿಸಿ, "ಭಾಳ ಓಡ್ಯಾದ್ರಿ ಅಕ್ಕಾ, ಗುಜರಿ ರೇಟು" ಎಂದ. ಐದಂಕಿಯ ಆ ಮೀಟರು 99,999 ದಾಟಿದರೆ ಮತ್ತೆ ಸೊನ್ನೆ! ಅದನ್ನು ನಂಬಿ ಬೆಲೆ ಕಟ್ಟುವುದುಂಟೆ? ಬೀದರಿನ ಮಿಸ್ತ್ರಿಯನ್ನು ಕರೆಸಿದೆವು. ಚಾಸಿಗೆ ತುಕ್ಕಿಲ್ಲ, ಮುಂದಿನ ಗಾಲಿಗಳೂ ಎಳೆಯುತ್ತವೆ. ಹೊಗೆ ಮಾತ್ರ ನೀಲಿ, ಅಂದರೆ ಎಂಜಿನ್ನು ಆಯಿಲ್ ಸುಡುತ್ತಿದೆ. ಔರಾದದಲ್ಲಿ ಅಂಥದೇ ಗಾಡಿ ಹೋದ ಬೆಲೆ ಕೇಳಿ, ಎಂಜಿನ್ ರಿಪೇರಿಯ ಖರ್ಚು ಕಳೆದೆವು. ಆರ್‌ಸಿಯನ್ನು ಮೊದಲು ಅಕ್ಕನ ಹೆಸರಿಗೆ ಮಾಡಿಸಿದೆವು. ಅದಾಗದೆ ಹೆಂಗಸರು ಮಾರಾಟದ ಮಾತನ್ನೇ ಎತ್ತಬಾರದು.

ಅಕ್ಕ ಒಂದು ರೂಪಾಯಿಯೂ ಇಳಿಯಲಿಲ್ಲ. ಎರಡು ತಿಂಗಳ ನಂತರ ಅದೇ ದಲಾಲ ಅದೇ ಬೆಲೆಗೆ ಗಾಡಿ ಒಯ್ದ.