ದುಡಿಯುವ ಮೈ, ದೂರದ ಆಸ್ಪತ್ರೆ: ಗ್ರಾಮೀಣ ಶುಶ್ರೂಷಾ ಸಂಶೋಧನೆಯ ಒಂದು ಚರಿತ್ರೆ

ಹಳ್ಳಿಯ ರೋಗಿಗಳ ಮೇಲೆ ಆಸ್ಪತ್ರೆಗಳಿಗೆ ಒಂದು ಹಳೆಯ ದೂರಿದೆ: ಇವರು ತಡವಾಗಿ ಬರುತ್ತಾರೆ. ಹುಣ್ಣು ಕೊಳೆತ ಮೇಲೆ, ಗಡ್ಡೆ ಹರಡಿದ ಮೇಲೆ, ನಡೆಯಲಾಗದಂತಾದ ಮೇಲೆ ಬರುತ್ತಾರೆ. ಈ ತಡವನ್ನು ಅಜ್ಞಾನದ ಲೆಕ್ಕಕ್ಕೆ ಸೇರಿಸಿ ಸುಮ್ಮನಾಗುವುದು ಸುಲಭ. ಅದರ ಹಿಂದೆಯೂ ಒಂದು ತರ್ಕವಿದೆ ಎಂದು ತೋರಿಸಿಕೊಟ್ಟ ಶ್ರೇಯಸ್ಸಿನ ದೊಡ್ಡ ಪಾಲು ಅಮೆರಿಕದ ಮೊಂಟಾನಾ ರಾಜ್ಯದ ಶುಶ್ರೂಷಾ ಅಧ್ಯಾಪಕಿಯರಿಗೆ ಸಲ್ಲಬೇಕು.

ಹಳ್ಳಿಗಾಡಿನ ಶುಶ್ರೂಷೆ ಅವರಿಂದಲೇ ಆರಂಭವಾದದ್ದೇನಲ್ಲ. 1925ರಲ್ಲಿ ಮೇರಿ ಬ್ರೆಕಿನ್‌ರಿಡ್ಜ್ ಕೆಂಟಕಿಯ ಗುಡ್ಡಗಾಡಿನಲ್ಲಿ ಕಟ್ಟಿದ ಸಂಸ್ಥೆಯ ನರ್ಸುಗಳು ಕುದುರೆ ಏರಿ ಮನೆಮನೆಗೆ ಹೋಗುತ್ತಿದ್ದರು. ಅವರ ಮುಖ್ಯ ಕಾಳಜಿ ಬಾಣಂತಿಯರು ಮತ್ತು ಮಕ್ಕಳು. ಗುಣವಾಗದ ಕಾಯಿಲೆಯ ಬಗ್ಗೆ ನರ್ಸುಗಳೇ ಗಂಭೀರ ಸಂಶೋಧನೆ ನಡೆಸಿದ್ದು 1960ರ ದಶಕದಲ್ಲಿ, ಅದೂ ನಗರಗಳಲ್ಲಿ. ಜೀನ್ ಕ್ವಿಂಟ್ ಸಾನ್ ಫ್ರಾನ್ಸಿಸ್ಕೋದಲ್ಲಿ ಸಮಾಜಶಾಸ್ತ್ರಜ್ಞರೊಡನೆ ದುಡಿದು, ಸಾಯುತ್ತಿರುವ ರೋಗಿ ಮತ್ತು ನರ್ಸಿನ ಸಂಬಂಧವನ್ನು ಕುರಿತ ಪುಸ್ತಕವನ್ನು 1967ರಲ್ಲಿ ಪ್ರಕಟಿಸಿದರು. ಮೊದಲು ನರ್ಸಾಗಿ ತರಬೇತಿ ಪಡೆದು ಆಮೇಲೆ ವೈದ್ಯೆಯಾದ ಸಿಸಿಲಿ ಸಾಂಡರ್ಸ್ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ತೆರೆದದ್ದೂ ಅದೇ ವರ್ಷ. ಇವೆಲ್ಲ ದೊಡ್ಡ ಕೆಲಸಗಳೇ. ಆದರೆ ಆಸ್ಪತ್ರೆಯ ವಾರ್ಡಿನಲ್ಲಿ ಕಂಡ ರೋಗಿ ಯಾವ ಊರಿನಿಂದ ಬಂದ, ಮರಳಿ ಎಂಥ ಮನೆಗೆ ಹೋದ ಎಂಬುದು ಅಲ್ಲಿ ಮುಖ್ಯ ಪ್ರಶ್ನೆಯಾಗಲಿಲ್ಲ.

ಮೊಂಟಾನಾದ ವಿಸ್ತೀರ್ಣ ಕರ್ನಾಟಕದ ಸುಮಾರು ಎರಡರಷ್ಟು. 1980ರ ಜನಗಣತಿಯಲ್ಲಿ ಅಲ್ಲಿನ ಜನಸಂಖ್ಯೆ ಎಂಟು ಲಕ್ಷವನ್ನೂ ಮುಟ್ಟಿರಲಿಲ್ಲ. ಗೋಧಿ ಹೊಲ, ದನದ ಹುಲ್ಲುಗಾವಲು, ಗಣಿ, ಮರ ಕಡಿಯುವ ಕೆಲಸ ಇವೇ ಜೀವನೋಪಾಯ. ಅಲ್ಲಿನ ಸ್ಟೇಟ್ ಯೂನಿವರ್ಸಿಟಿಯ ಶುಶ್ರೂಷಾ ಕಾಲೇಜಿನ ಸ್ನಾತಕೋತ್ತರ ವಿದ್ಯಾರ್ಥಿಗಳು ಜನರ ಬಳಿಗೇ ಹೋಗಿ, ಆರೋಗ್ಯವೆಂದರೆ ಏನೆಂದು ಕೇಳಿ, ಉತ್ತರಗಳನ್ನು ವರ್ಷಗಟ್ಟಲೆ ಕಲೆಹಾಕಿದರು. ಆ ರಾಶಿಯಿಂದ ಕ್ಯಾಥ್ಲೀನ್ ಲಾಂಗ್ ಮತ್ತು ಕ್ರೈಸ್ತ ಸನ್ಯಾಸಿನಿಯೂ ಆಗಿದ್ದ ಕ್ಲಾರಾನ್ ವೈನರ್ಟ್ 1989ರಲ್ಲಿ ಗ್ರಾಮೀಣ ಶುಶ್ರೂಷೆಯ ಸಿದ್ಧಾಂತವೊಂದನ್ನು ರೂಪಿಸಿದರು.

ಅದರ ತಿರುಳು ಹೀಗೆ: ಹಳ್ಳಿಗನಿಗೆ ಆರೋಗ್ಯವೆಂದರೆ ಕೆಲಸ ಮಾಡಲು ಕೈಲಾಗುವುದು. ಕೈಲಾಗುವ ತನಕ ನೋವಿದ್ದರೂ ಆತ ರೋಗಿಯಲ್ಲ. ಕೊಯ್ಲು ಮುಗಿಯುವವರೆಗೆ ಆಸ್ಪತ್ರೆ ಕಾಯಬೇಕು. ಹೊರಗಿನವರ ನೆರವಿಗಿಂತ ಮೊದಲು ಮನೆಯವರು, ನೆಂಟರು, ನೆರೆಯವರು. ಆಸ್ಪತ್ರೆಯಿಂದ ಬಹುದೂರವಿದ್ದವರಿಗೂ ತಾವು ಒಂಟಿ ಎನ್ನಿಸುತ್ತಿರಲಿಲ್ಲ. ನರ್ಸಿನ ಪಾಡನ್ನೂ ಈ ಸಿದ್ಧಾಂತ ಬಿಟ್ಟಿಲ್ಲ. ಸಣ್ಣ ಊರಿನಲ್ಲಿ ಆಕೆಗೆ ಮರೆಯೆಂಬುದಿಲ್ಲ. ಬೆಳಗ್ಗೆ ಗಾಯ ತೊಳೆಸಿಕೊಂಡವರೇ ಸಂಜೆ ಅಂಗಡಿಯಲ್ಲಿ ಸಿಕ್ಕಿ ಮಾತಿಗೆ ನಿಲ್ಲಿಸುತ್ತಾರೆ. ಬೇರೆಯವರಿಲ್ಲದ ಕಡೆ ಔಷಧಿ ಕೊಡುವವಳೂ, ಪರೀಕ್ಷೆ ಮಾಡುವವಳೂ ಅವಳೇ.

ವೈನರ್ಟ್ ಅಲ್ಲಿಗೇ ನಿಲ್ಲಲಿಲ್ಲ. 1990ರ ದಶಕದ ನಡುವಿನಲ್ಲಿ, ಪಟ್ಟಣದಿಂದ ದೂರವಿದ್ದ ಮಧ್ಯವಯಸ್ಸಿನ ಹೆಣ್ಣುಮಕ್ಕಳ ಮನೆಗೆ ಕಂಪ್ಯೂಟರ್ ತಲುಪಿಸಿದರು. ಮಧುಮೇಹ, ಕ್ಯಾನ್ಸರ್, ಕೀಲುವಾತದಂಥ ಕಾಯಿಲೆಗಳೊಂದಿಗೆ ಬದುಕುತ್ತಿದ್ದ ಅವರು ಒಬ್ಬರಿಗೊಬ್ಬರು ಬರೆದುಕೊಳ್ಳಬಹುದಿತ್ತು, ನರ್ಸುಗಳಿಂದ ಮಾಹಿತಿ ಪಡೆಯಬಹುದಿತ್ತು. ಇಂಟರ್ನೆಟ್ಟು ಮನೆಮಾತಾಗುವ ಮೊದಲಿನ ಈ ಯೋಜನೆ, ನನ್ನ ದೃಷ್ಟಿಯಲ್ಲಿ, ಸಿದ್ಧಾಂತಕ್ಕಿಂತಲೂ ಮುಂದಿನ ಹೆಜ್ಜೆ. ಊರೆಲ್ಲ ಬಲ್ಲ ನರ್ಸಿನೆದುರು ಹೇಳಲಾಗದ್ದನ್ನು, ನೂರಾರು ಮೈಲಿ ಆಚೆಯ ಇನ್ನೊಬ್ಬ ರೋಗಿಗೆ ಹೇಳಿಕೊಳ್ಳುವ ದಾರಿಯನ್ನು ಅದು ತೆರೆಯಿತು.

ಆದರೂ ಈ ಸಿದ್ಧಾಂತದಲ್ಲಿ ಒಂದು ಬಿರುಕು ನನಗೆ ಕಾಣುತ್ತದೆ. ಆರೋಗ್ಯವೆಂದರೆ ದುಡಿಯುವ ಶಕ್ತಿ ಎನ್ನುವುದಾದರೆ, ಕಾಯಿಲೆ ಬಲಿತು ಹಾಸಿಗೆ ಹಿಡಿದವರ ಗತಿಯೇನು? ನೆಮ್ಮದಿ, ಆಯುಸ್ಸಿನ ವಿಸ್ತರಣೆ ಇವಕ್ಕೆ ಗ್ರಾಮೀಣರು ಹೆಚ್ಚು ಬೆಲೆ ಕೊಡುವುದಿಲ್ಲವೆಂದು ಲಾಂಗ್ ಮತ್ತು ವೈನರ್ಟ್ ಬರೆದರು. ಮೈಯಲ್ಲಿ ಕಸುವಿರುವಾಗ ಹೇಳಿದ ಮಾತನ್ನು, ಮಗ್ಗುಲು ಬದಲಿಸಲೂ ಇನ್ನೊಬ್ಬರ ಕೈ ಬೇಕಾದಾಗ ಅದೇ ಮನುಷ್ಯ ಹೇಳುತ್ತಾನೆಂದು ನಾನು ನಂಬಲಾರೆ.

ಈ ತುದಿಯಿಂದಲೇ ಕೆಲಸ ಆರಂಭಿಸಿದ್ದು ಕೇರಳ. ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಸಂಗಡಿಗರು 1993ರಲ್ಲಿ ಕೋಳಿಕ್ಕೋಡಿನ ಮೆಡಿಕಲ್ ಕಾಲೇಜಿನಲ್ಲಿ ನೋವು ಶಮನದ ಕ್ಲಿನಿಕ್ ಆರಂಭಿಸಿದರು. ಹಾಸಿಗೆ ಹಿಡಿದವರು ಕ್ಲಿನಿಕ್ಕಿಗೆ ಬರಲಾರರೆಂಬ ಅರಿವಿನಿಂದ, 2001ರ ಸುಮಾರಿಗೆ ಮಲಪ್ಪುರಂ ಮತ್ತು ಸುತ್ತಲಿನ ಜಿಲ್ಲೆಗಳಲ್ಲಿ ನೆರೆಹೊರೆಯ ಸ್ವಯಂಸೇವಕರ ಜಾಲ ಬೆಳೆಯಿತು. ಮನೆಗೆ ಹೋಗುವ ನರ್ಸು ಅದರ ಆಧಾರ. ಕ್ಯಾನ್ಸರಿನಿಂದ ಶುರುವಾದ ಆರೈಕೆ ಪಾರ್ಶ್ವವಾಯು, ಕಿಡ್ನಿ ವೈಫಲ್ಯ, ಮುಪ್ಪಿನ ಅಶಕ್ತತೆಗೂ ಹಬ್ಬಿತು. 2008ರಲ್ಲಿ ಕೇರಳ ಸರ್ಕಾರ ಉಪಶಾಮಕ ಆರೈಕೆಯ ನೀತಿ ಪ್ರಕಟಿಸಿ, ಪಂಚಾಯಿತಿಗಳನ್ನು ಈ ಕೆಲಸಕ್ಕೆ ಹೊಣೆಯಾಗಿಸಿತು. ಕಾಸರಗೋಡಿನ ಕನ್ನಡ, ತುಳು ಮನೆಗಳೂ ಆ ನೀತಿಯ ವ್ಯಾಪ್ತಿಯಲ್ಲಿವೆ.

ಮೊಂಟಾನಾದ ಪ್ರಶ್ನೆಗಳನ್ನು ಮರಳಿ ಕೇಳಲು ಕಾಸರಗೋಡಿಗಿಂತ ಒಳ್ಳೆಯ ನೆಲ ನನಗೆ ತೋಚದು. ಅಲ್ಲಿ ಹೊರಗಿನವರ ನೆರವನ್ನು ದೂರವಿಟ್ಟರು. ಇಲ್ಲಿ ನೆರವಿಗೆ ಬರುವವನೇ ನೆರೆಮನೆಯವನು. ಎಲ್ಲರಿಗೂ ಗೊತ್ತಾಗುವುದು ರೋಗಿಗೆ ಆಸರೆಯೋ, ಸಂಕೋಚವೋ? ಅಡಿಕೆ ತೋಟದಲ್ಲಿ ದುಡಿದು ಈಗ ಜಗಲಿ ಇಳಿಯಲಾಗದವರು ತಮಗೆ ಇನ್ನೇನು ಬೇಕೆನ್ನುತ್ತಾರೆ? ಈ ಸಂದರ್ಶನಗಳು ತುಳುವಿನಲ್ಲಿ, ಕನ್ನಡದಲ್ಲಿ, ಮಲಯಾಳದಲ್ಲಿ ನಡೆಯಬೇಕು. ನಡೆಸುವವರು ಆ ಮನೆಯ ಹುಣ್ಣು ತೊಳೆದು ಬಟ್ಟೆ ಕಟ್ಟುವ ನರ್ಸುಗಳೇ ಆಗಿರಬೇಕು, ಅಧ್ಯಯನದ ಲೇಖಕರಾಗಿ ಅವರ ಹೆಸರೇ ಮೊದಲು ಬರಬೇಕು.