ಓಕು ಜ್ವಾಲಾಮುಖಿ ಕ್ಷೇತ್ರ

ಕ್ಯಾಮರೂನ್ ದೇಶದ ಪಶ್ಚಿಮದ ಎತ್ತರನಾಡಿನಲ್ಲಿರುವ ಜ್ವಾಲಾಮುಖಿ ಕ್ಷೇತ್ರ. ಇದರ ನಡುವೆ 3,011 ಮೀಟರ್ ಎತ್ತರದ ಓಕು ಪರ್ವತವಿದೆ. ಅಟ್ಲಾಂಟಿಕ್ ಸಾಗರದ ಅನ್ನೊಬೊನ್ ದ್ವೀಪದಿಂದ ಹೊರಟು ಖಂಡದ ಒಳನಾಡಿನವರೆಗೆ ಸುಮಾರು 1,600 ಕಿಲೋಮೀಟರ್ ಸಾಗುವ ಕ್ಯಾಮರೂನ್ ಜ್ವಾಲಾಮುಖಿ ಸಾಲಿಗೆ ಈ ಕ್ಷೇತ್ರ ಸೇರುತ್ತದೆ. ಹವಾಯಿ ದ್ವೀಪಗಳಲ್ಲಿರುವಂತೆ ಶಿಲೆಗಳ ವಯಸ್ಸು ಒಂದು ತುದಿಯಿಂದ ಇನ್ನೊಂದಕ್ಕೆ ಕ್ರಮವಾಗಿ ಹೆಚ್ಚುತ್ತ ಹೋಗುವುದು ಇಲ್ಲಿ ಕಾಣದು. ಆದ್ದರಿಂದ ಈ ಸಾಲಿನ ಹುಟ್ಟು ಭೂವಿಜ್ಞಾನಿಗಳಲ್ಲಿ ಇಂದಿಗೂ ಚರ್ಚೆಯ ವಿಷಯ.

ಓಕು ಪರ್ವತ ರಯೊಲೈಟ್ ಮತ್ತು ಟ್ರಾಕೈಟ್ ಶಿಲೆಗಳಿಂದಾದದ್ದು. 2 ಕೋಟಿ ವರ್ಷಗಳಿಗೂ ಹಳೆಯದು, ಮಳೆ ಹೊಳೆಗಳು ಅದನ್ನು ಆಳವಾಗಿ ಕೊರೆದಿವೆ. ಅದರ ಮೇಲೂ ಸುತ್ತಲೂ ಬಹಳ ಈಚೆಗೆ ಬಸಾಲ್ಟಿನ ಬೂದಿಗುಡ್ಡಗಳೂ ಮಾರ್ ಎಂಬ ಕುಳಿಗಳೂ ಎದ್ದವು. ಮೇಲೇರುವ ಶಿಲಾಪಾಕ ಅಂತರ್ಜಲವನ್ನು ಮುಟ್ಟಿದಾಗ ನೀರು ಒಮ್ಮೆಲೇ ಹಬೆಯಾಗಿ ನೆಲ ಸಿಡಿದು ಮಾರ್ ಉಂಟಾಗುತ್ತದೆ. ಉತ್ತರದ ನ್ಯೋಸ್ ಸರೋವರ ಇಂಥದೇ ಕುಳಿಯಲ್ಲಿ ನಿಂತ ನೀರು. ಆಳ 208 ಮೀಟರ್.

ಈ ಕ್ಷೇತ್ರ ಜನರನ್ನು ಕೊಂದದ್ದು ಲಾವಾದಿಂದಲ್ಲ, ಅನಿಲದಿಂದ. ಆಳದ ಶಿಲಾಪಾಕದಿಂದ ಹೊಮ್ಮುವ ಇಂಗಾಲದ ಡೈಆಕ್ಸೈಡ್ ಸರೋವರದ ತಳದ ನೀರಿನಲ್ಲಿ ಕರಗುತ್ತದೆ. ಮೇಲಿನ ನೀರಿನ ಭಾರ ಅದನ್ನು ಅಲ್ಲೇ ಒತ್ತಿಹಿಡಿದಿರುತ್ತದೆ. ತಳದ ನೀರು ಕದಡಿ ಮೇಲೆದ್ದರೆ ಒತ್ತಡ ಇಳಿದು ಅನಿಲ ಗುಳ್ಳೆಗಟ್ಟುತ್ತದೆ. ಆ ಗುಳ್ಳೆಗಳೇ ಇನ್ನಷ್ಟು ನೀರನ್ನು ಮೇಲಕ್ಕೆಳೆಯುತ್ತವೆ. ದಕ್ಷಿಣದ ಮೊನೂನ್ ಸರೋವರದಲ್ಲಿ 1984ರ ಆಗಸ್ಟ್ 15ರಂದು ಹೀಗಾಗಿ 37 ಮಂದಿ ಸತ್ತರು. 1986ರ ಆಗಸ್ಟ್ 21ರ ರಾತ್ರಿ ನ್ಯೋಸ್ ಉಕ್ಕಿತು. ಗಾಳಿಗಿಂತ ಭಾರವಾದ ಅನಿಲ ಕಣಿವೆಗಳಲ್ಲಿ ಹರಿದು ನ್ಯೋಸ್, ಚಾ, ಸುಬುಮ್ ಊರುಗಳನ್ನು ಆವರಿಸಿತು. ಸುಮಾರು 1,700 ಜನ, ಸಾವಿರಾರು ದನಕರು ಉಸಿರುಕಟ್ಟಿ ಸತ್ತವು. ತಳದ ನೀರಿನ ಕಬ್ಬಿಣ ಗಾಳಿ ಸೋಕಿ ಸರೋವರ ಕೆಂಪಾಯಿತು.

ನ್ಯೋಸ್ ದುರಂತಕ್ಕೆ ಕಾರಣ ಸರೋವರದಡಿಯ ಸ್ಫೋಟವೆಂದು ಜ್ವಾಲಾಮುಖಿ ತಜ್ಞ ಹರೂನ್ ತಾಜಿಯೆಫ್ ಮುಂತಾದವರು ವಾದಿಸಿದರು. ಆದರೆ ಕರಗಿದ್ದ ಅನಿಲವೇ ಉಕ್ಕಿತೆಂಬ ವಿವರಣೆಯನ್ನು ಹೆಚ್ಚಿನ ವಿಜ್ಞಾನಿಗಳು ಒಪ್ಪಿದ್ದಾರೆ. ಅದರ ಆಧಾರದ ಮೇಲೆಯೇ 2001ರಲ್ಲಿ ನ್ಯೋಸ್‌ಗೆ ಉದ್ದದ ಕೊಳವೆಯೊಂದನ್ನು ಇಳಿಸಲಾಯಿತು. ಮೊದಲಿಗೆ ಪಂಪಿನಿಂದ ತಳದ ನೀರೆತ್ತಿದರೆ ಸಾಕು, ಆಮೇಲೆ ಅನಿಲದ ಬಲದಿಂದಲೇ ಕಾರಂಜಿ ಚಿಮ್ಮುತ್ತದೆ. 2011ರಲ್ಲಿ ಇನ್ನೆರಡು ಕೊಳವೆಗಳು ಸೇರಿದವು. ತಳದಿಂದ ಅನಿಲ ಈಗಲೂ ಒಸರುತ್ತಿರುವುದರಿಂದ ಈ ಕೆಲಸಕ್ಕೆ ಕೊನೆಯ ದಿನವೆಂಬುದಿಲ್ಲ.