ಮುತ್ತತ್ತಿಯ ಮೇಲಣ ನೀರು, ಅಡುಗೆಮನೆಯ ಯಂತ್ರ

ಪಾತ್ರೆ ತೊಳೆಯುವ ಯಂತ್ರ ಕೆಟ್ಟರೆ ಮನೆಯವರು ಮೊದಲು ಬೈಯುವುದು ಯಂತ್ರವನ್ನು, ಆಮೇಲೆ ಅಡುಗೆಯನ್ನು. ಯೂರೋಪಿನವರ ತಟ್ಟೆ ಲೋಟಕ್ಕೆಂದು ಮಾಡಿದ್ದು ನಮ್ಮ ಮುದ್ದೆ ಪಾತ್ರೆಗೆ, ಬಸ್ಸಾರಿನ ಜಿಡ್ಡಿಗೆ ಹೇಗೆ ತಡೆದೀತು ಎಂಬ ಮಾತು ಕೂಡಲೇ ಬರುತ್ತದೆ. ಈ ಎರಡು ಬೈಗುಳವೂ ಬಹುಪಾಲು ಗುರಿ ತಪ್ಪಿದವು. ಡಿಶ್‌ವಾಷರಿನ ಸಾಮಾನ್ಯ ರೋಗಗಳಲ್ಲಿ ಹೆಚ್ಚಿನವು ಅದರೊಳಗೆ ಹುಟ್ಟಿದವಲ್ಲ. ಅವು ನಲ್ಲಿಯಿಂದಲೋ ತಂತಿಯಿಂದಲೋ ಒಳಗೆ ಬಂದವು. ಬೆಂಗಳೂರಿನ ಅಡುಗೆಮನೆಗಳ ಮಟ್ಟಿಗೆ ಆ ನಲ್ಲಿಯ ಹಾದಿಯೂ ತಂತಿಯ ಮೊದಲ ಹಾದಿಯೂ ಮಳವಳ್ಳಿ ತಾಲ್ಲೂಕಿನ ಕಾವೇರಿಗೆ, ಮುತ್ತತ್ತಿಗಿಂತ ಸ್ವಲ್ಪ ಮೇಲಣ ಹರಿವಿಗೆ ಮುಟ್ಟುತ್ತವೆ. ಆದ್ದರಿಂದ ಈ ಯಂತ್ರದ ರಿಪೇರಿಯನ್ನು ತಿಳಿಯಬೇಕಾದರೆ ಈ ಸೀಮೆಯ ನೀರಿನ ಚರಿತ್ರೆಯಿಂದ ಹೊರಡುವುದು ಸುತ್ತುದಾರಿಯೇನಲ್ಲ.

ಮುತ್ತತ್ತಿ ಹಲಗೂರು ಕಡೆಯಿಂದ ಕಾಡಿಗಿಳಿದರೆ ಸಿಗುವ ಹೊಳೆದಂಡೆಯ ಊರು. ಮುತ್ತತ್ತಿರಾಯನಿಗೆ ಹರಕೆ ಹೊತ್ತವರು ಅಲ್ಲೇ ಒಲೆ ಹೂಡಿ, ಅಟ್ಟು, ಉಂಡು, ಪಾತ್ರೆಗಳನ್ನು ಹೊಳೆಯ ಮರಳಿನಲ್ಲಿ ಉಜ್ಜಿ ಹೋಗುವುದು ಹಳೆಯ ವಾಡಿಕೆ. ಮರಳು ಉಜ್ಜುತ್ತದೆ, ಒಲೆಯ ಬೂದಿ ಜಿಡ್ಡು ಬಿಡಿಸುತ್ತದೆ. ಸೌದೆಯ ಬೂದಿಯಲ್ಲಿರುವ ಪೊಟ್ಯಾಸಿಯಂ ಕಾರ್ಬೊನೇಟ್ ಎಣ್ಣೆಯನ್ನು ಒಂದಿಷ್ಟು ಸಾಬೂನಾಗಿಸುವುದರಿಂದ ಅದು ಬರಿಯ ಒರಟು ಪುಡಿಯಲ್ಲ, ಸರಿಯಾದ ಮಾರ್ಜಕವೇ. ಆದರೆ ಆ ಕೆಲಸ ಹಗುರಾಗಿ ನಡೆಯುವುದು ಹೊಳೆಯ ಮೆದು ನೀರಿನಲ್ಲಿ. ಮದ್ದೂರು, ಮಳವಳ್ಳಿಗಳ ನೆಲದಡಿ ಇರುವುದು ಗಟ್ಟಿ ಕಲ್ಲು. ಅದರ ಬಿರುಕುಗಳಲ್ಲಿ ನಿಂತ ನೀರಿಗೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೇರಿಕೊಳ್ಳುತ್ತವೆ. ಅಂಥ ನೀರಿನಲ್ಲಿ ಸಾಬೂನು ನೊರೆ ಬಿಡದೆ ಗಸಿಯಾಗುತ್ತದೆ, ಬೇಳೆಯೂ ಬೇಗ ಬೇಯುವುದಿಲ್ಲ. ಯಾವ ಬಾವಿಯ ನೀರಿಗೆ ಬೇಳೆ ಬೇಯುತ್ತದೆ, ಯಾವುದರ ನೀರು ಪಾತ್ರೆ ಬಟ್ಟೆಗಷ್ಟೇ ಲಾಯಕ್ಕು ಎಂಬುದನ್ನು ಊರಿನ ಹೆಂಗಸರು ಯಾವ ಪ್ರಯೋಗಾಲಯದ ನೆರವೂ ಇಲ್ಲದೆ ವಿಂಗಡಿಸಿದ್ದರು. ಗಡಸುತನದ ಪರೀಕ್ಷೆಯೆಂದರೆ ಇದೇ. ಇಂದಿನ ಭಾರತೀಯ ಮಾನಕ ಅದನ್ನೇ ಅಂಕಿಯಲ್ಲಿ ಹೇಳುತ್ತದೆ: ಕುಡಿಯುವ ನೀರಿನಲ್ಲಿ ಲೀಟರಿಗೆ 200 ಮಿಲಿಗ್ರಾಂವರೆಗೆ ಗಡಸು ಒಪ್ಪಿಗೆ, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ.

ಪಾತ್ರೆಯ ರಿಪೇರಿಯೂ ಇಲ್ಲಿ ಹೊಸತಲ್ಲ. ಸ್ಟೀಲು ಮನೆಮನೆ ಹೊಗುವ ಮೊದಲು ತಾಮ್ರ, ಹಿತ್ತಾಳೆಗಳದೇ ಆಳ್ವಿಕೆ. ಇದೇ ಜಿಲ್ಲೆಯ ನಾಗಮಂಗಲ ಲೋಹದ ಎರಕಕ್ಕೆ ಹೆಸರಾದ ಊರು. ಹುಣಸೆಹುಳಿ ಬಿದ್ದ ಸಾರು ಹಿತ್ತಾಳೆಯಲ್ಲಿ ನಿಂತರೆ ಕಿಲುಬೇಳುತ್ತದೆ, ಊಟ ಕಹಿಯಾಗುತ್ತದೆ, ಹೊಟ್ಟೆ ಕೆಡುತ್ತದೆ. ಅದಕ್ಕೆ ಮದ್ದು ಕಲಾಯಿ. ಹಲವು ಊರುಗಳಲ್ಲಿ ಕಲಾಯಿ ಸಾಬರೆಂದೇ ಕರೆಸಿಕೊಂಡವರು ಬೀದಿ ಬದಿಯಲ್ಲಿ ಗುಳಿ ತೋಡಿ, ತಿದಿ ಒತ್ತಿ, ಇದ್ದಿಲ ಬೆಂಕಿಯಲ್ಲಿ ಪಾತ್ರೆ ಕಾಯಿಸಿ, ನವಸಾಗರ ಉದುರಿಸಿ ಲೋಹದ ಮೇಲಿನ ಕಿಟ್ಟ ತೆಗೆದು, ತವರ ಸವರಿ, ಹತ್ತಿಯಿಂದ ಒಳಮೈಗೆಲ್ಲ ಹರಡುತ್ತಿದ್ದರು. ತವರ ಕರಗುವುದು 232 ಡಿಗ್ರಿಗೆ. ಕಾವು ಹೆಚ್ಚಾದರೆ ಪದರ ಕಪ್ಪಾಗುತ್ತದೆ, ಕಡಿಮೆಯಾದರೆ ಅಂಟುವುದೇ ಇಲ್ಲ. ಗಮನಿಸಬೇಕಾದದ್ದು ಅವರ ಕೈಚಳಕವನ್ನಷ್ಟೇ ಅಲ್ಲ. ಕಿಲುಬು ಕಂಡಾಗ ಅವರು ತಪ್ಪಲೆಯನ್ನು ಬದಲಿಸಿ ಎನ್ನಲಿಲ್ಲ, ಹುಳಿ ಬಿಡಿ ಎಂದೂ ಹೇಳಲಿಲ್ಲ. ಲೋಹಕ್ಕೂ ಹುಳಿಗೂ ನಡುವೆ ಒಂದು ತೆಳು ಪದರವನ್ನಿಟ್ಟು, ಅದು ಸವೆಯುವುದು ಸಹಜವೆಂದು ಒಪ್ಪಿ, ಸವೆದಾಗಲೆಲ್ಲ ಬಂದು ಮತ್ತೆ ಹಚ್ಚಿದರು. ಡಿಶ್‌ವಾಷರಿನೊಳಗಿನ ನೀರು ಮೆದುಗೊಳಿಸುವ ಭಾಗ ನಡೆಯುವುದು ಇದೇ ಲೆಕ್ಕದಲ್ಲಿ. ಅದರಲ್ಲಿರುವ ರಾಳದ ಮಣಿಗಳು ಕ್ಯಾಲ್ಸಿಯಂ ಹಿಡಿದು ಸೋಡಿಯಂ ಬಿಡುತ್ತವೆ, ತುಂಬಿದಾಗ ಉಪ್ಪುನೀರಿನಿಂದ ತೊಳೆಸಿಕೊಂಡು ಮತ್ತೆ ಕೆಲಸಕ್ಕೆ ಅಣಿಯಾಗುತ್ತವೆ. ಉಪ್ಪು ಹಾಕುವುದನ್ನು ಮರೆತ ಮನೆಯೆಂದರೆ ಕಲಾಯಿ ಹೋದ ಪಾತ್ರೆಯಲ್ಲಿ ಸಾರು ಕಾಯಿಸಿದ ಮನೆ.

ಇನ್ನು ತಂತಿಯ ಮಾತು. ಶಿವನಸಮುದ್ರದಲ್ಲಿ 1902ರ ಜೂನ್‌ನಲ್ಲಿ ವಿದ್ಯುತ್ತು ಹರಿಯತೊಡಗಿತು. ಅದು ಮೊದಲು ಹೋದದ್ದು ಸುತ್ತಲಿನ ಹಳ್ಳಿಗಳಿಗಲ್ಲ, ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿನ ಬೀದಿದೀಪಗಳು ಹೊತ್ತಿದವು. ನೀರು ಅದೇ ಹಾದಿ ಹಿಡಿದದ್ದು ಬಹಳ ತಡವಾಗಿ. ಹೆಸರಘಟ್ಟ, ತಿಪ್ಪಗೊಂಡನಹಳ್ಳಿಗಳ ಅರ್ಕಾವತಿ ನೀರು ಸಾಲದೆ ಹೋದಾಗ, 1974ರಲ್ಲಿ ಕಾವೇರಿಯ ಮೊದಲ ಹಂತ ಚಾಲೂ ಆಯಿತು. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧಗೊಂಡ ನೀರನ್ನು ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಮತ್ತೆ ಪಂಪು ಮಾಡಿ, ನೂರು ಕಿಲೋಮೀಟರು ದೂರಕ್ಕೆ, ಐನೂರು ಮೀಟರಿನಷ್ಟು ಎತ್ತರಕ್ಕೆ ಏರಿಸಬೇಕು. ನಗರ ಮಾತ್ರ ಕೊಳವೆಗಿಂತ ಮುಂದೆ ಬೆಳೆಯಿತು. ಕೊಳವೆ ಮುಟ್ಟದ ಬಡಾವಣೆಗಳು ಬೋರ್‌ವೆಲ್ಲನ್ನೂ ಟ್ಯಾಂಕರನ್ನೂ ನಂಬಿದವು. ಹೀಗೆ ಒಂದೇ ನಗರದಲ್ಲಿ ಎರಡು ಬಗೆಯ ನೀರು ಬಂತು, ಒಂದೇ ಕಂಪನಿಯ ಒಂದೇ ಮಾದರಿಯ ಯಂತ್ರಕ್ಕೆ ಎರಡು ಬಗೆಯ ರೋಗವೂ ಬಂತು. 2020ರ ಲಾಕ್‌ಡೌನಿನಲ್ಲಿ ಮನೆಗೆಲಸದವರು ಬರಲಾಗದೆ ಹೋದಾಗ ಅವಸರದಲ್ಲಿ ಯಂತ್ರ ಕೊಂಡವರಲ್ಲಿ ಎಷ್ಟೋ ಮಂದಿ ತಮ್ಮ ಸಂಪಿಗೆ ಯಾವ ನೀರು ಬೀಳುತ್ತದೆಂದು ವಿಚಾರಿಸಿರಲಾರರು.

ಗಾಜಿನ ಲೋಟದ ಮೇಲೆ ಬಿಳಿ ಮಂಜು ಕೂರುವುದು ಅತಿ ಸಾಮಾನ್ಯ ದೂರು. ಲೋಟವನ್ನು ವಿನೆಗರಿನಲ್ಲಿ ಒರಸಿದಾಗ ಮಂಜು ಹೋದರೆ ಅದು ಸುಣ್ಣದ ಕಿಟ್ಟ; ಉಪ್ಪು ಮುಗಿದಿರಬೇಕು, ಇಲ್ಲವೇ ಗಡಸಿನ ಅಳತೆಯನ್ನು ಯಂತ್ರದಲ್ಲಿ ಕಡಿಮೆ ಇಟ್ಟಿರಬೇಕು. ಅಡುಗೆಯ ಅಯೋಡಿನ್ ಉಪ್ಪು ಸುರಿಯುವವರೂ ಇದ್ದಾರೆ. ಗಂಟು ಕಟ್ಟದಿರಲೆಂದು ಅದಕ್ಕೆ ಬೆರೆಸಿದ ಪುಡಿ ರಾಳವನ್ನು ಕಟ್ಟಿಸುತ್ತದೆ. ಇದೇ ಕಿಟ್ಟ ನೀರು ಚಿಮ್ಮುವ ತೋಳುಗಳ ತೂತು ಮುಚ್ಚಿದಾಗ ಪಾತ್ರೆ ತೊಳೆಯುವುದಿಲ್ಲ, ಹೀಟರಿಗೆ ಕೂತಾಗ ನೀರು ಕಾಯುವುದಿಲ್ಲ. ಮೂರು ದೂರಿಗೂ ಬೇರು ಒಂದೇ. ಯಂತ್ರಕ್ಕೆ ನೀರೇ ಬರುತ್ತಿಲ್ಲವೆಂದರೆ ಕವಾಟ ಬದಲಿಸುವ ಮುನ್ನ ತಲೆಯೆತ್ತಿ ತೊಟ್ಟಿಯನ್ನು ನೋಡಬೇಕು. ಹತ್ತು ಮೀಟರು ಎತ್ತರದ ನೀರು ಕೊಡುವುದು ಸುಮಾರು ಒಂದು ಬಾರ್ ಒತ್ತಡ. ಅಡುಗೆಮನೆಗೆ ಮೂರೇ ಮೀಟರು ಮೇಲೆ ತೊಟ್ಟಿಯಿರುವ ಕೊನೆಯ ಮಹಡಿಗೆ ಸಿಗುವುದು 0.3 ಬಾರ್, ಅದು ಹಲವು ಯಂತ್ರಗಳಿಗೆ ಸಾಲದು. ವಿದ್ಯುತ್ತಿನದೂ ಹಾಗೆಯೇ. 230 ವೋಲ್ಟಿನ ಹೀಟರಿಗೆ 180 ವೋಲ್ಟು ಕೊಟ್ಟರೆ ಕಾವಿನ ಬಲ ಶೇಕಡ 61ಕ್ಕೆ ಇಳಿಯುತ್ತದೆ, ಒಂದೂವರೆ ಗಂಟೆಯ ತೊಳೆತ ಮುಗಿಯದೆ ಎಳೆಯುತ್ತದೆ. ಅದನ್ನು ಕಂಡು ಬೋರ್ಡು ಕೆಟ್ಟಿದೆಯೆನ್ನುವುದು ಸುಲಭ, ದುಬಾರಿಯೂ ಹೌದು.

ಎಲ್ಲವನ್ನೂ ನೀರಿನ ತಲೆಗೆ ಕಟ್ಟುವುದೇಕೆ, ನಮ್ಮ ಅಡುಗೆಯ ಪಾಲೇ ಇಲ್ಲವೇ ಎಂದು ಕೇಳಬಹುದು. ಪಾಲಿದೆ. ನೀರು ಹೊರಹೋಗದೆ ತಳದಲ್ಲಿ ನಿಂತರೆ ಕಾರಣ ಸಾಮಾನ್ಯವಾಗಿ ಜಾಲರಿಯಲ್ಲಿ ಸಿಕ್ಕ ಅನ್ನದಗುಳು, ಕರಿಬೇವು, ಸಾಸಿವೆ. ಅದೂ ದಾಟಿದರೆ ಪಂಪಿನ ರೆಕ್ಕೆಗೆ ಸಿಕ್ಕ ನಿಂಬೆಬೀಜ. ತಳ ಹತ್ತಿದ ರಾಗಿಹಿಟ್ಟು ಒಣಗಿದರೆ ಯಾವ ಯಂತ್ರಕ್ಕೂ ಬಗ್ಗದು, ನೆನೆಹಾಕಲೇಬೇಕು. ಆದರೆ ಇವು ಕೈಯಿಂದ ತೊಳೆಯುವವರೂ ಮಾಡುತ್ತಿದ್ದ ಕೆಲಸಗಳೇ, ಯಂತ್ರ ಅಡುಗೆಗೆ ಒಗ್ಗಿಲ್ಲವೆಂಬುದಕ್ಕೆ ಸಾಕ್ಷಿಯಲ್ಲ. ಅರವತ್ತು ಎಪ್ಪತ್ತು ಡಿಗ್ರಿಯ ನೀರಿಗೆ ಒಗ್ಗರಣೆಯ ಎಣ್ಣೆ ದೊಡ್ಡ ಸವಾಲಲ್ಲ. ಹುಟ್ಟೂರಿನಲ್ಲೂ ಈ ಯಂತ್ರವನ್ನು ಕಾಡಿದ್ದು ಊಟವಲ್ಲ. ಅಮೆರಿಕದ ಜೋಸೆಫೀನ್ ಕಾಕ್ರನ್ 1886ರಲ್ಲಿ ಪೇಟೆಂಟ್ ಪಡೆದು, 1893ರ ಷಿಕಾಗೊ ಮೇಳದಲ್ಲಿ ತೋರಿಸಿದಾಗ ಕೊಂಡವು ಹೋಟೆಲುಗಳು. ಮನೆಗಳಲ್ಲಿ ಬೇಕಾದಷ್ಟು ಬಿಸಿನೀರಿರಲಿಲ್ಲ, ಎಷ್ಟೋ ಕಡೆ ನೀರೂ ಗಡಸಾಗಿತ್ತು. ಪಂಪು ಸುಟ್ಟುಹೋಗುವುದು, ಬಾಗಿಲಿನ ರಬ್ಬರು ಹರಿದು ಸೋರುವುದು, ಹೀಟರು ಬಿರುಕು ಬಿಟ್ಟು ಮನೆಯ ಸ್ವಿಚ್ಚೇ ಟ್ರಿಪ್ಪಾಗುವುದು ನಿಜಕ್ಕೂ ಯಂತ್ರದ ರೋಗಗಳು. ಕೊನೆಯದನ್ನು ಮನೆಯವರು ಮುಟ್ಟಲೂಬಾರದು. ಆದರೆ ಅವನ್ನು ಕೊನೆಗೆ ಶಂಕಿಸಬೇಕೇ ಹೊರತು ಮೊದಲಿಗಲ್ಲ.

ಕಾವೇರಿ ನೀರು ಮೆದು, ಅದು ಬಂದಮೇಲೆ ಈ ವಾದವೆಲ್ಲ ಬಿದ್ದುಹೋಗುತ್ತದೆ ಎನ್ನುವುದು ಇನ್ನೊಂದು ಆಕ್ಷೇಪ. 2024ರ ಅಕ್ಟೋಬರಿನಲ್ಲಿ ಐದನೆಯ ಹಂತ ತೊರೆಕಾಡನಹಳ್ಳಿಯಲ್ಲಿ ಉದ್ಘಾಟನೆಯಾಗಿದೆ, ದಿನಕ್ಕೆ 775 ದಶಲಕ್ಷ ಲೀಟರು ನೀರನ್ನು ಮುಖ್ಯವಾಗಿ ನಗರಕ್ಕೆ ಸೇರಿದ 110 ಹಳ್ಳಿಗಳಿಗೆ ಕೊಡುವ ಯೋಜನೆ ಅದು. ಆ ಬಡಾವಣೆಗಳಲ್ಲಿ ರೋಗ ವಾಸಿಯಾಗುವುದಕ್ಕಿಂತ ಬದಲಾಗುವ ಸಂಭವವೇ ಹೆಚ್ಚು. ಬೋರ್‌ವೆಲ್ ಕಾಲದಲ್ಲಿ ಗಡಸಿನ ಅಳತೆಯನ್ನು ಮೇಲಕ್ಕೆ ತಿರುಗಿಸಿಟ್ಟ ಯಂತ್ರಕ್ಕೆ ಮೆದು ನೀರು ಬಿದ್ದು, ಸೋಪಿನ ಪುಡಿಯೂ ಹಳೆಯ ಲೆಕ್ಕದಲ್ಲೇ ಬಿದ್ದರೆ, ಬಿಸಿ ಕ್ಷಾರ ಗಾಜನ್ನೇ ತಿನ್ನತೊಡಗುತ್ತದೆ. ಆಗಲೂ ಲೋಟ ಬಿಳಿಚುತ್ತದೆ, ವಿನೆಗರಿಗೆ ಮಾತ್ರ ಹೋಗುವುದಿಲ್ಲ. ಟ್ಯಾಂಕರ್ ನೀರೂ ಕಾವೇರಿಯೂ ಒಂದೇ ಸಂಪಿಗೆ ಬೀಳುವ ಅಪಾರ್ಟ್‌ಮೆಂಟುಗಳಲ್ಲಂತೂ ಅಳತೆ ವಾರದಿಂದ ವಾರಕ್ಕೆ ಏರಿಳಿಯುತ್ತದೆ. ರಿಪೇರಿಗೆ ಬಂದವರು ಸ್ಕ್ರೂ ಬಿಚ್ಚುವ ಮೊದಲು ಕೇಳಬೇಕಾದ ಪ್ರಶ್ನೆ, ನಿಮ್ಮ ಮನೆಗೆ ಕಾವೇರಿ ಬಂದದ್ದು ಯಾವಾಗ, ಈಗ ಸಂಪಿನಲ್ಲಿ ಅದರ ಪಾಲೆಷ್ಟು ಎಂಬುದು.